ಕುಂಟೆಬಿಲ್ಲೆಗೂ ಒಂದು ಗಲ್ಲಿ ಬೇಡವೇ?

ನಲವತ್ತು ದಾಟಿದವರು ಬೀದಿಯಲ್ಲಿ ಒಂಟಿಕಾಲಲ್ಲಿ ಕುಂಟಿಕೊಂಡು ಹೋದರೆ ನೋಡಿದವರು ಏನು ಮಾಡಬೇಕು? ನಗಬೇಕೋ, ಬೈಯಬೇಕೋ, ಜೊತೆಗೆ ಸೇರಬೇಕೋ? ಸೇರಬೇಕು ಅಂತ ನಮ್ಮ ಅಭಿಪ್ರಾಯ. ಆದರೆ ಸೇರೋಕೆ ಮೊದಲು ಒಂದು ಮಾತಿದೆ, ಕೇಳಿ.

ಹಳೇ ಆಟಗಳಿಗೆ ಈಗ ಒಳ್ಳೇ ಕಾಲ ಬಂದ ಹಾಗಿದೆ. ದೊಡ್ಡವರೇ ಬಣ್ಣದ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕುಂಟೆಬಿಲ್ಲೆ ಮನೆ ಬರೀತಾರೆ, ಮನೆಯೊಳಗೆ ಹೂವು ಬಳ್ಳಿ ತುಂಬ್ತಾರೆ, ಇದೂ ಒಂದು ಕಲೆ ಅಂತಾರೆ. ಅನ್ನಲಿ ಬಿಡಿ. ದಿನಾ ಬೆಳಗಾದರೆ ಬಾಗಿಲ ಮುಂದೆ ರಂಗೋಲಿ ಹಾಕುವ ಊರಿಗೆ ನೆಲದ ಮೇಲಿನ ಗೆರೆ ಕಲೆ ಅಂತ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ದೊಡ್ಡವರ ಆಟ ಮೈಸೂರಿಗೆ ಹೊಸದೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794-1868) ಹಾಸಿನ ಆಟಗಳ ಹುಚ್ಚು ಎಷ್ಟಿತ್ತೆಂದರೆ, 'ಶ್ರೀತತ್ತ್ವನಿಧಿ'ಯಲ್ಲಿ 'ಕೌತುಕನಿಧಿ' ಅಂತ ಆಟಗಳಿಗೇ ಒಂದು ಭಾಗ ಮೀಸಲಾಯಿತು. ನಮ್ಮ ಕಾಲದಲ್ಲಿ ಇದೇ ಊರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನ ನಡೆಸಿ, ಕುಶಲಕರ್ಮಿಗಳ ಕೈಯಲ್ಲಿ ಚೌಕಾಬಾರ, ಅಳಗುಳಿ ಮಣೆ, ಹುಲಿ-ಕುರಿ ಆಟಗಳನ್ನು ಚಂದವಾಗಿ ಮಾಡಿಸಿದರು. ಜಗಲಿ ಆಟ ಅಂಗಡಿಗೆ ಬಂತು, ಅಂಗಡಿಯಿಂದ ಮನೆಗೆ ಹೋಯಿತು. ಆ ಆಟಗಳು ಬದುಕಿಕೊಂಡವು. ಸಂತೋಷ.

ಆದರೆ ಸ್ವಾಮಿ, ಕುಂಟೆಬಿಲ್ಲೆಯನ್ನು ಡಬ್ಬದಲ್ಲಿ ತುಂಬಿ ಮಾರೋಕೆ ಆಗುತ್ಯೇ? ಅದಕ್ಕೆ ಬೇಕಾದ ಸಾಮಾನು ಎರಡೇ: ಒಂದು ಚೂರು ಸೀಮೆಸುಣ್ಣ, ಒಂದು ಚೂರು ಹೆಂಚು. ಮೂರನೆಯದು ನೆಲ. ಮೊದಲೆರಡು ಪುಕ್ಕಟೆ ಸಿಗುತ್ತವೆ. ಮೂರನೆಯದು ಮಾತ್ರ ಈಗ ದುಡ್ಡು ಕೊಟ್ಟರೂ ಇಲ್ಲ. ಗಲ್ಲಿಯ ಎಡಕ್ಕೆ ಕಾರು, ಬಲಕ್ಕೆ ಸ್ಕೂಟರು, ನಡುವೆ ಉಳಿದ ಜಾಗದಲ್ಲಿ ಹಾರ್ನು. ಬಸ್ ಇಳಿದು ಮನೆಗೆ ನಡೆಯುವವರು ಎದ್ದ ಕಲ್ಲುಚಪ್ಪಡಿ ಹಾರಿ, ಗುಂಡಿ ದಾಟಿ ಸಾಗುವುದನ್ನು ನೋಡಿದರೆ ಊರಿಗೆ ಊರೇ ಕುಂಟೆಬಿಲ್ಲೆ ಆಡುತ್ತಿದೆ ಅನ್ನಿಸುತ್ತೆ! ಆ ಆಟದಲ್ಲಿ ಗೆದ್ದವರಿಗೆ 'ಮನೆ' ಸಿಗೋದಿಲ್ಲ, ಅಷ್ಟೇ.

ಇನ್ನೊಂದು ಸಂಗತಿಯನ್ನು ನಮ್ಮ ಗಂಡಸರು ಮರೆಯುತ್ತಾರೆ. ಕುಂಟೆಬಿಲ್ಲೆ ಹೆಚ್ಚಾಗಿ ಹೆಣ್ಣುಮಕ್ಕಳ ಆಟ. ಹುಡುಗರಿಗೆ ಮೈದಾನ ಇತ್ತು, ಈಗಲೂ ಕ್ರಿಕೆಟ್ಟಿಗೆ ಅಂತ ಎಲ್ಲಾದರೂ ಜಾಗ ಮಾಡಿಕೊಳ್ಳುತ್ತಾರೆ. ಹುಡುಗಿಯರಿಗೆ ಇದ್ದದ್ದು ಮನೆ ಮುಂದಿನ ಬೀದಿ ಒಂದೇ. ಬಿಲ್ಲೆ ಎಸೆದು, ಗೆರೆ ತುಳಿಯದೆ ಒಂದು ಸುತ್ತು ಮುಗಿಸಿ, "ಇದು ನನ್ನ ಮನೆ, ಯಾರೂ ಕಾಲಿಡಬಾರದು" ಅಂತ ಗತ್ತಿನಿಂದ ನಿಲ್ಲುತ್ತಿದ್ದರಲ್ಲ, ಹೆಣ್ಣುಮಗಳೊಬ್ಬಳು ಬೀದಿಯಲ್ಲಿ ನಿಂತು ಇದು ನನ್ನದು ಅನ್ನೋಕೆ ಅವಕಾಶ ಇದ್ದದ್ದು ಆಗಲೇ. ಗಲ್ಲಿಗೆ ಕಾರು ಬಂದು ನಿಂತಾಗ ಆ ಮನೆಯೂ ಹೋಯಿತು. ಯಾರೂ ದೂರು ಕೊಡಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಬೆಲ್ಜಿಯಂ ಮೂಲದ ಫ್ರಾನ್ಸಿಸ್ ಆಲಿಸ್ ಎಂಬ ಕಲಾವಿದ 1999ರಿಂದ ದೇಶ ದೇಶ ಸುತ್ತಿ ಮಕ್ಕಳ ಬೀದಿ ಆಟಗಳನ್ನೇ ಚಿತ್ರೀಕರಿಸುತ್ತಿದ್ದಾರೆ. 2022ರಲ್ಲಿ ವೆನಿಸ್ಸಿನ ದೊಡ್ಡ ಕಲಾಮೇಳದಲ್ಲಿ ಬೆಲ್ಜಿಯಂ ಪರವಾಗಿ ತೋರಿಸಿದ್ದು ಇವನ್ನೇ. 2016ರಲ್ಲಿ ಇರಾಕಿನ ನಿರಾಶ್ರಿತರ ಶಿಬಿರವೊಂದರಲ್ಲಿ ಅವರು ಸೆರೆಹಿಡಿದ ಆಟ ಯಾವುದು ಗೊತ್ತೇ? ಇದೇ ಕುಂಟೆಬಿಲ್ಲೆ. ಮನೆಮಠ ಕಳೆದುಕೊಂಡ ಮಕ್ಕಳಿಗೂ ಗೆರೆ ಎಳೆಯುವಷ್ಟು ನೆಲ ಸಿಕ್ಕಿತ್ತು. ನಮ್ಮ ಬಡಾವಣೆಯ ಮಕ್ಕಳಿಗೆ ಸಿಗುತ್ತಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ವಾರ್ಡಿಗೊಂದು ಗಲ್ಲಿ ಆರಿಸಿ. ಬಸ್ ಹೋಗುವ ರಸ್ತೆ ಬೇಡ, ಆಸ್ಪತ್ರೆ ದಾರಿ ಬೇಡ. ಭಾನುವಾರ ಬೆಳಗ್ಗೆ ಏಳರಿಂದ ಒಂಬತ್ತು, ಎರಡೇ ಗಂಟೆ, ಗಾಡಿ ನಿಲ್ಲಿಸುವುದೂ ಬೇಡ, ಓಡಿಸುವುದೂ ಬೇಡ. ಎರಡು ಬ್ಯಾರಿಕೇಡು, ಒಬ್ಬ ಪೇದೆ, ಸಾಕು. ಆಗದ ಕೆಲಸವೇನಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ ಭಾನುವಾರ ವಾಹನ ತಡೆದು ಬೀದಿಯನ್ನು ನಡೆಯುವವರಿಗೆ ಬಿಟ್ಟಿದ್ದರು. ಅಂಥ ಪೇಟೆ ಬೀದಿಯಲ್ಲೇ ಎರಡು ದಿನ ಸಾಧ್ಯವಾದದ್ದು ನಮ್ಮ ಗಲ್ಲಿಯಲ್ಲಿ ಎರಡು ಗಂಟೆ ಆಗೋದಿಲ್ಲವೇ?

ಅಂಗಡಿಯವರು ತಕ್ಷಣ ಕೇಳುತ್ತಾರೆ: "ನಮ್ಮ ವ್ಯಾಪಾರದ ಗತಿ ಏನ್ರೀ?" ನ್ಯಾಯವಾದ ಪ್ರಶ್ನೆ. ಆದರೆ ಭಾನುವಾರ ಒಂಬತ್ತರೊಳಗೆ ಷಟರ್ ಎತ್ತುವವರು ಎಷ್ಟು ಮಂದಿ? ಹಾಲು, ಪೇಪರಿನವರಿಗೆ ನಡೆದು ಬರುವ ಗಿರಾಕಿಯೇ ಗಿರಾಕಿ. ಸೈಕಲ್ಲಿನವರನ್ನು ಯಾರೂ ತಡೆಯೋದಿಲ್ಲ. ಸ್ಕೂಟರಿನಲ್ಲಿ ಭರ್ರನೆ ಹೋಗುವವನು ಅಂಗಡಿಯ ಬೋರ್ಡು ಸಹ ಓದೋದಿಲ್ಲ. ಕುಂಟಿ ಕುಂಟಿ ಸುಸ್ತಾದವನು ಒಂದು ಸೋಡಾ ಆದರೂ ಕುಡೀತಾನೆ!

ದೊಡ್ಡವರಿಗೂ ಒಂದು ಕಿವಿಮಾತು. ಉದ್ಘಾಟನೆ, ಹಾರ, ಮುಖ್ಯ ಅತಿಥಿಗಳ ಭಾಷಣ ದಯವಿಟ್ಟು ಬೇಡ. ಒಂದು ದಿನ ಚಂದದ ಗೆರೆ ಎಳೆದು, ಫೋಟೋ ತೆಗೆಸಿಕೊಂಡು, ಸಂಜೆಗೆ ಅದೇ ಗೆರೆ ಮೇಲೆ ನಿಮ್ಮ ಕಾರು ತಂದು ನಿಲ್ಲಿಸಿದರೆ ಅದು ಕಲೆಯೂ ಅಲ್ಲ, ಆಟವೂ ಅಲ್ಲ. ನೀವು ಬರೆಯಿರಿ, ನಾಲ್ಕು ಸುತ್ತು ಆಡಿ, ಆಮೇಲೆ ಬಿಲ್ಲೆಯನ್ನು ಪಕ್ಕದಲ್ಲಿ ನಿಂತು ನೋಡುತ್ತಿರುವ ಹುಡುಗಿಯ ಕೈಗೆ ಕೊಡಿ.

ಪಾಲಿಕೆಯವರು, ಸಂಚಾರ ಪೊಲೀಸರು ಒಂದು ವಾರ್ಡಿನಲ್ಲಿ, ಒಂದೇ ಒಂದು ತಿಂಗಳು ಪರೀಕ್ಷೆ ಮಾಡಿ ನೋಡುವರೇ? ಖರ್ಚಿನ ಚಿಂತೆ ಬೇಡ. ಸೀಮೆಸುಣ್ಣ ನಾವೇ ತರುತ್ತೇವೆ.