ಇಎಸ್‌ಆರ್: ಅಂಕಿ ಏರಿದ್ದೆಲ್ಲ ರೋಗವಲ್ಲ



ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ಕೆಂಪು ರಕ್ತಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂಬುದೇ ಇಎಸ್‌ಆರ್. ದೇಹದಲ್ಲಿ ಉರಿಯೂತವಿದ್ದಾಗ ಯಕೃತ್ತು ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತದೆ. ಆಗ ಕಣಗಳು ನಾಣ್ಯ ಪೇರಿಸಿದಂತೆ ಒಂದಕ್ಕೊಂದು ಅಂಟಿಕೊಂಡು ಬೇಗ ತಳ ಸೇರುತ್ತವೆ. ಪೋಲೆಂಡಿನ ವೈದ್ಯ ಎಡ್ಮಂಡ್ ಬಿಯರ್ನಾಟ್ಸ್ಕಿ 1897ರಲ್ಲೇ ವಿವರಿಸಿದ ಈ ಪರೀಕ್ಷೆ ಅಗ್ಗದ್ದು, ಉಪಯುಕ್ತವೂ ಹೌದು. ಆದರೆ ಉರಿಯೂತ ಎಲ್ಲಿದೆ, ಏಕಿದೆ ಎಂಬುದನ್ನು ಅದು ಹೇಳದು. ಕ್ಷಯದಲ್ಲೂ ಏರುತ್ತದೆ, ಸಂಧಿವಾತದಲ್ಲೂ ಏರುತ್ತದೆ. ಗರ್ಭಿಣಿಯರಲ್ಲಿ, ರಕ್ತಹೀನತೆ ಇರುವವರಲ್ಲಿ ಉರಿಯೂತವಿಲ್ಲದೆಯೂ ಏರುತ್ತದೆ. ಹೀಗಿರುವಾಗ ಈ ಅಂಕಿಯೊಂದನ್ನೇ ನೋಡಿ ಆ್ಯಂಟಿಬಯಾಟಿಕ್ ನುಂಗುವುದು ಅರ್ಥಹೀನ.

ವಯಸ್ಸಿನ ಲೆಕ್ಕವೂ ಇದೆ. ಪುರುಷರಿಗೆ ವಯಸ್ಸಿನ ಅರ್ಧ, ಮಹಿಳೆಯರಿಗೆ ವಯಸ್ಸಿಗೆ 10 ಕೂಡಿಸಿ ಅರ್ಧ ಮಾಡಿದರೆ ಬರುವುದು ರೂಢಿಯ ಮೇಲ್ಮಿತಿ. 60 ದಾಟಿದ ಮಹಿಳೆಗೆ 35 ಬಂದರೆ, ವರದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ, ಅಷ್ಟಕ್ಕೇ ಗಾಬರಿ ಬೇಡ. ಸೋಂಕು ವಾಸಿಯಾದ ಮೇಲೂ ಇಎಸ್‌ಆರ್ ವಾರಗಟ್ಟಲೆ ಇಳಿಯದಿರಬಹುದು. ಉರಿಯೂತವನ್ನು ಸೂಚಿಸುವ ಇನ್ನೊಂದು ರಕ್ತಪರೀಕ್ಷೆಯಾದ ಸಿಆರ್‌ಪಿ ಹಾಗಲ್ಲ: ಕೆಲವೇ ಗಂಟೆಗಳಲ್ಲಿ ಏರಿ, ಕಾರಣ ನಿಂತ ಮೇಲೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ವೈದ್ಯರು ಸಿಆರ್‌ಪಿಯನ್ನು ಹೆಚ್ಚು ನೆಚ್ಚುವುದು ಇದಕ್ಕೇ.