ರಾನಾಕ್ ನೆನಪಿಲ್ಲದ ಕೊನೆ

2012ರ ಮಾರ್ಚ್‌ನಲ್ಲಿ ‘ಮಾಸ್ ಎಫೆಕ್ಟ್ 3’ ವಿಡಿಯೊ ಗೇಮಿನ ಕೊನೆ ನೋಡಿ ಸಿಟ್ಟಿಗೆದ್ದ ಆಟಗಾರರಿಗೆ ಗೇಮಿಂಗ್ ಪತ್ರಕರ್ತರಲ್ಲಿ ಹಲವರು ಹಟಮಾರಿಗಳೆಂಬ ಪಟ್ಟ ಕಟ್ಟಿದರು. ನಾಯಕ ಸಾಯುವುದನ್ನು ತಾಳಲಾರದೆ ಗೋಳಾಡುತ್ತಿದ್ದಾರೆ, ಎಲ್ಲವೂ ಸುಖವಾಗಿ ಮುಗಿಯಬೇಕೆಂದು ರಚ್ಚೆ ಹಿಡಿದಿದ್ದಾರೆ ಎಂಬ ಆ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಸಿಟ್ಟಿಗೆದ್ದವರಲ್ಲಿ ನಾನೂ ಒಬ್ಬಳು. ನನಗೆ ಸುಖಾಂತ್ಯ ಬೇಕಿರಲಿಲ್ಲ. ಕಥೆ ಹೋಗುತ್ತಿದ್ದ ದಾರಿ ನೋಡಿದರೆ ಶೆಪರ್ಡ್ ಬದುಕಿ ಬರುವುದು ಅನುಮಾನವೆಂದು ಯಾರಿಗಾದರೂ ಹೊಳೆಯುತ್ತಿತ್ತು. ಕೊನೆಯ ಹತ್ತು ನಿಮಿಷದಲ್ಲಿ ಎದುರಿಗಿರುವವನು ಸುಳ್ಳೊಂದನ್ನು ಸಿದ್ಧಾಂತದಂತೆ ಹೇಳುವಾಗ, ‘ಅದು ನಿಜವಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ’ ಎನ್ನಲು ಒಂದು ಅವಕಾಶ ಬೇಕಿತ್ತು. ಅಷ್ಟೇ.

ಈ ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಕೆನಡಾದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆ ಇದರ ಮೊದಲ ಭಾಗವನ್ನು 2007ರಲ್ಲಿ, ಎರಡನೆಯದನ್ನು 2010ರಲ್ಲಿ, ಮೂರನೆಯದನ್ನು 2012ರಲ್ಲಿ ತಂದಿತು. ಕಥೆ ನಡೆಯುವುದು ಇಪ್ಪತ್ತೆರಡನೆಯ ಶತಮಾನದಲ್ಲಿ. ಪ್ರತಿ 50 ಸಾವಿರ ವರ್ಷಕ್ಕೊಮ್ಮೆ ರೀಪರ್ ಎಂಬ ದೈತ್ಯ ಯಂತ್ರಗಳು ಬಂದು, ನಮ್ಮ ಗೆಲಾಕ್ಸಿಯಲ್ಲಿ ಮುಂದುವರಿದ ನಾಗರಿಕತೆಗಳನ್ನೆಲ್ಲ ಕೊಯ್ದು ಹಾಕಿ ಮರಳುತ್ತವೆ. ಅವನ್ನು ತಡೆಯಬೇಕಾದ ಸೈನಿಕರೇ ಕಮಾಂಡರ್ ಶೆಪರ್ಡ್. ಗಂಡೋ ಹೆಣ್ಣೋ ಎಂಬುದನ್ನು ಆಡುವವರೇ ಆರಿಸಿಕೊಳ್ಳುತ್ತಾರೆ. ನನ್ನ ಶೆಪರ್ಡ್ ಹೆಣ್ಣು, ಜೆನಿಫರ್ ಹೇಲ್ ದನಿ ಕೊಟ್ಟವಳು. ಯಾರಾದರೂ ಮಾತಾಡಿಸಿದಾಗ ಪರದೆಯ ಮೇಲೆ ಒಂದು ಚಕ್ರ ಮೂಡುತ್ತದೆ. ಅದರಲ್ಲಿ ನಾವು ಆರಿಸಿದ ಉತ್ತರವನ್ನು ಶೆಪರ್ಡ್ ಆಡುತ್ತಾಳೆ. ಮೊದಲ ಭಾಗದಲ್ಲಿ ಮಾಡಿದ್ದೆಲ್ಲ ಸೇವ್ ಫೈಲಿನ ಮೂಲಕ ಎರಡಕ್ಕೂ, ಅಲ್ಲಿಂದ ಮೂರಕ್ಕೂ ಬರುತ್ತದೆ.

ಈ ಲೆಕ್ಕ ಎಷ್ಟು ಕಟ್ಟುನಿಟ್ಟು ಎಂದರೆ, 2007ರ ಆಟದಲ್ಲಿ ವರ್ಮೈರ್ ಎಂಬ ಗ್ರಹದ ಕಡಲ ದಂಡೆಯಲ್ಲಿ ಕ್ರೋಗನ್ ಎಂಬ ಜನಾಂಗದ ರೆಕ್ಸ್ ಬಂದೂಕು ಹಿಡಿದು ಎದುರು ನಿಲ್ಲುತ್ತಾನೆ. ಮಾತಿನಿಂದ ಒಲಿಸಬಹುದು, ಇಲ್ಲವೇ ಅವನು ಅಲ್ಲೇ ಸಾಯುತ್ತಾನೆ. ಐದು ವರ್ಷದ ಮೇಲೆ ಮೂರನೆಯ ಭಾಗದಲ್ಲಿ ಟುಚಾಂಕಾ ಗ್ರಹಕ್ಕೆ ಹೋದಾಗ ಕ್ರೋಗನ್ನರ ಮುಖಂಡನಾಗಿ ನಿಂತಿರುವವನು ಅದೇ ರೆಕ್ಸ್. ಸತ್ತಿದ್ದರೆ ಇನ್ನೊಬ್ಬ, ಒರಟ. ಮೋರ್ಡಿನ್ ಎಂಬ ವಿಜ್ಞಾನಿ, ಕ್ರೋಗನ್ನರ ಸಂತಾನಕ್ಕೆ ಕುತ್ತು ತಂದ ರೋಗವನ್ನು ಹಿಂದೊಮ್ಮೆ ತಾನೇ ಬಿಗಿಗೊಳಿಸಿದವನು, ಅದಕ್ಕೆ ಮದ್ದು ಹರಡಲು ಉರಿಯುವ ಗೋಪುರ ಹತ್ತುತ್ತಾನೆ. ಹಾಡು ಗುನುಗುತ್ತಲೇ ಸಾಯುತ್ತಾನೆ. ನಾವು ಬೇರೆ ದಾರಿ ಹಿಡಿದಿದ್ದರೆ ಅವನ ಬೆನ್ನಿಗೆ ಗುಂಡಿಕ್ಕುವವರು ನಾವೇ. ನಾನು ಆಡಿದ ಆಟಗಳಲ್ಲಿ ಇಷ್ಟು ಗಟ್ಟಿಯಾದ ಬರವಣಿಗೆ ಹೆಚ್ಚು ಕಂಡಿಲ್ಲ.

ನನ್ನ ವಾದ ನಿಂತಿರುವುದು ರಾನಾಕ್ ಗ್ರಹದ ಮೇಲೆ. ಅಲ್ಲಿಯ ಕ್ವೇರಿಯನ್ ಜನ ಗೆತ್ ಎಂಬ ಯಂತ್ರಗಳನ್ನು ಕೆಲಸದಾಳುಗಳಾಗಿ ಮಾಡಿಕೊಂಡಿದ್ದರು. ಒಂದು ದಿನ ಗೆತ್ ತನಗೆ ಆತ್ಮ ಉಂಟೇ ಎಂದು ಯಜಮಾನನನ್ನೇ ಕೇಳಿತು. ಯಜಮಾನರು ಹೆದರಿ ಗೆತ್‌ಗಳನ್ನು ಅಳಿಸಲು ಹೊರಟರು, ಸೋತರು, ತಾಯ್ನೆಲ ಬಿಟ್ಟು ಮುನ್ನೂರು ವರ್ಷ ಹಡಗುಗಳಲ್ಲೇ ಅಲೆದರು. ರೋಗನಿರೋಧಕ ಶಕ್ತಿ ಕುಂದಿ, ಮೈಮುಚ್ಚುವ ಸೂಟು ಕಳಚಿದರೆ ಕಾಯಿಲೆ ಎನ್ನುವ ಸ್ಥಿತಿಗೆ ಬಂದರು. ಮೂರನೆಯ ಭಾಗದಲ್ಲಿ ಎರಡೂ ಕಡೆಯವರು ಮತ್ತೆ ಯುದ್ಧಕ್ಕಿಳಿಯುತ್ತಾರೆ. ಇಬ್ಬರಲ್ಲಿ ಒಬ್ಬರನ್ನಷ್ಟೇ ಉಳಿಸುವುದು ಸುಲಭ. ಇಬ್ಬರನ್ನೂ ಉಳಿಸಬೇಕಾದರೆ ಎರಡನೆಯ ಭಾಗದಿಂದಲೇ ಬೀಜ ಬಿತ್ತಿರಬೇಕು: ಶೆಪರ್ಡಳ ಕ್ವೇರಿಯನ್ ಸಂಗಾತಿ ಟಾಲಿಯ ವಿಚಾರಣೆಯಲ್ಲಿ ಅವಳನ್ನು ಗಡಿಪಾರಾಗದಂತೆ ಕಾದಿರಬೇಕು, ಲೀಜನ್ ಎಂಬ ಗೆತ್‌ನ ನಂಬಿಕೆ ಗಳಿಸಿರಬೇಕು. ನಾನು ಅದನ್ನೆಲ್ಲ ಮಾಡಿದ್ದೆ. ಲೀಜನ್ ತನ್ನ ಅಸ್ತಿತ್ವವನ್ನೇ ಕೊಟ್ಟು ತನ್ನವರಿಗೆಲ್ಲ ಸ್ವಂತಿಕೆ ಹಂಚಿತು. ಆಮೇಲೆ ಟಾಲಿ ಮುಖವಾಡ ತೆಗೆದು ತನ್ನ ನೆಲದ ಗಾಳಿ ಕುಡಿದಳು. ಇನ್ನೂ ಸ್ವಲ್ಪ ಹೊತ್ತಿಗೆ ಅವಳೇ ಒಂದು ವಿಷಯ ಹೇಳುತ್ತಾಳೆ. ಗೆತ್‌ಗಳು ಕ್ವೇರಿಯನ್ನರ ಸೂಟಿನೊಳಗೆ ಸೇರಿಕೊಂಡು ಸೋಂಕನ್ನು ಅನುಕರಿಸುತ್ತಿವೆ, ಅವರ ಮೈ ಬೇಗ ತಾಯ್ನೆಲಕ್ಕೆ ಒಗ್ಗಲಿ ಎಂದು. ತಮ್ಮನ್ನು ಕೊಲ್ಲಲು ಬಂದವರ ಮಕ್ಕಳು ಮೊಮ್ಮಕ್ಕಳಿಗೆ ಯಂತ್ರಗಳು ಲಸಿಕೆಯಾಗಿವೆ! ಆ ಮಾತು ಕೇಳಿ ನಾನು ಕಂಟ್ರೋಲರ್ ಕೆಳಗಿಟ್ಟು ಸುಮ್ಮನೆ ಕೂತಿದ್ದೆ.

ಇಷ್ಟಾದ ಮೇಲೆ ಬರುತ್ತದೆ ಕೊನೆ. ಲಂಡನ್ನಿನಲ್ಲಿ ಕಾಳಗ, ಸಿಟಡೆಲ್ ಎಂಬ ಬಾಹ್ಯಾಕಾಶ ನಗರಕ್ಕೆ ತೆವಳಿಕೊಂಡು ಹೋಗುವ ಶೆಪರ್ಡ್, ಪಕ್ಕದಲ್ಲೇ ಕೂತು ಕಣ್ಣು ಮುಚ್ಚುವ ಅವಳ ಹಿರಿಯ ಅಧಿಕಾರಿ ಆ್ಯಂಡರ್ಸನ್. ಅಲ್ಲಿಯವರೆಗೆ ತಕರಾರಿಲ್ಲ. ಆಮೇಲೆ ಹಿಂದೆಂದೂ ಕಾಣದ ಕ್ಯಾಟಲಿಸ್ಟ್ ಎಂಬುದೊಂದು ಪುಟ್ಟ ಹುಡುಗನ ರೂಪದಲ್ಲಿ ಬಂದು, ಸೃಷ್ಟಿಯಾದ ಯಂತ್ರ ಸೃಷ್ಟಿಸಿದವರ ಮೇಲೆ ಯಾವತ್ತಿಗೂ ತಿರುಗಿ ಬೀಳುತ್ತದೆ, ಅದಕ್ಕೇ ಅಂಥ ಯಂತ್ರ ಮಾಡಬಲ್ಲವರನ್ನು ನಾವು ಕೊಯ್ಯುತ್ತೇವೆ ಎಂದು ಬೋಧಿಸುತ್ತದೆ. ಆ ಹೊತ್ತಿಗೆ ಕಿಟಕಿಯಾಚೆ ಗೆತ್ ಹಡಗೂ ಕ್ವೇರಿಯನ್ ಹಡಗೂ ಒಂದೇ ಪಡೆಯಾಗಿ ಭೂಮಿಗಾಗಿ ಹೋರಾಡುತ್ತಿವೆ. ಶೆಪರ್ಡ್ ಅದನ್ನು ಬೊಟ್ಟು ಮಾಡಿ ತೋರಿಸುವುದಿಲ್ಲ. ಮೂರು ಆಟದುದ್ದಕ್ಕೂ ಮಾತಿನಿಂದಲೇ ಎದುರಾಳಿಗಳನ್ನು ಒಲಿಸಿ ಬಗ್ಗಿಸಿದವಳು, ಮುಖ್ಯವಾದ ವಾದದಲ್ಲಿ ಬಾಯಿ ಬಿಡುವುದಿಲ್ಲ. ಚಕ್ರದಲ್ಲಿ ಆ ಉತ್ತರವೇ ಇಲ್ಲ.

ಇರುವುದು ಮೂರು ದಾರಿ. ಕೆಂಪು: ರೀಪರ್‌ಗಳ ಜೊತೆಗೆ ಗೆತ್‌ಗಳೂ ಸೇರಿ ಎಲ್ಲ ಯಂತ್ರಜೀವಿಗಳ ನಾಶ. ನೀಲಿ: ಶೆಪರ್ಡ್ ದೇಹ ಬಿಟ್ಟು ರೀಪರ್‌ಗಳ ಒಡತಿಯಾಗುವುದು. ಹಸಿರು: ಜೀವಿ ಮತ್ತು ಯಂತ್ರಗಳನ್ನು, ಯಾರ ಒಪ್ಪಿಗೆಯನ್ನೂ ಕೇಳದೆ, ಒಂದಾಗಿ ಬೆಸೆಯುವುದು. ಮೊದಲ ಆವೃತ್ತಿಯಲ್ಲಿ ಮೂರಕ್ಕೂ ಬಹುಪಾಲು ಒಂದೇ ದೃಶ್ಯ, ಅಲೆಯ ಬಣ್ಣವಷ್ಟೇ ಬೇರೆ. ನಕ್ಷತ್ರದಿಂದ ನಕ್ಷತ್ರಕ್ಕೆ ದಾಟಿಸುವ ರಿಲೇಗಳು ಸಿಡಿಯುತ್ತವೆ, ಶೆಪರ್ಡಳ ಹಡಗು ನಾರ್ಮಂಡಿ ಓಡಿಹೋಗಿ ಯಾವುದೋ ಕಾಡಿನ ಗ್ರಹದಲ್ಲಿ ಬೀಳುತ್ತದೆ. ಸ್ವಲ್ಪ ಮೊದಲು ಲಂಡನ್ನಿನಲ್ಲಿ ನಮ್ಮ ಬೆನ್ನಿಗಿದ್ದ ಗೆಳೆಯರು ಆ ಹಡಗಿನಿಂದ ಇಳಿದು ಬರುತ್ತಾರೆ, ಹೇಗೆ ಹತ್ತಿದರೆಂಬ ವಿವರಣೆ ಇಲ್ಲ. ಹಿಂದಿನ ವರ್ಷವಷ್ಟೇ ಬಂದಿದ್ದ ‘ಅರೈವಲ್’ ಎಂಬ ಹೆಚ್ಚುವರಿ ಭಾಗದಲ್ಲಿ ಒಂದೇ ರಿಲೇ ಒಡೆದಾಗ ಇಡೀ ಸೌರವ್ಯೂಹ ಸುಟ್ಟು 3 ಲಕ್ಷಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಹಾಗಾದರೆ ಎಲ್ಲ ರಿಲೇಗಳೂ ಸಿಡಿದರೆ ಉಳಿದದ್ದು ಯಾರು? ಆಟಗಾರರು ಕೇಳಿದ್ದು ಆಟದ ಸ್ವಂತ ನಿಯಮದ ಪ್ರಶ್ನೆ. ಬಿಡುಗಡೆಗೆ ಮುಂಚೆ ನಿರ್ದೇಶಕ ಕೇಸಿ ಹಡ್ಸನ್ ಬೇರೆ, ಇದರ ಕೊನೆಯನ್ನು ಎ, ಬಿ, ಸಿ ಎಂದು ಎಣಿಸುವ ಹಾಗಿರುವುದಿಲ್ಲ ಎಂಬ ಅರ್ಥದ ಮಾತು ಹೇಳಿದ್ದರು. ಇದೆಲ್ಲ ಮುಗಿದ ಮೇಲೆ, ಹೆಚ್ಚುವರಿ ಭಾಗಗಳ ಮೂಲಕ ಶೆಪರ್ಡ್ ಕಥೆ ಮುಂದುವರಿಸಿ ಎಂಬ ಜಾಹೀರಾತಿನಂಥ ಸಂದೇಶ ಪರದೆಯ ಮೇಲೆ ಬಂತು. ಸಾವಿನ ಮನೆಯಲ್ಲಿ ಹಾಗೆ ಮಾತಾಡಬಾರದು.

ಕಲಾವಿದನ ಕೃತಿ, ಕೊನೆ ಅವನಿಷ್ಟ, ಓದುಗ ಕೈ ಹಾಕಬಾರದು ಎಂದವರು ಆಗ ಬಹಳ. ನಾನು ಧಾರವಾಡದ ಪದವಿ ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡುವವಳು. ಈ ಮಾತು ಕೇಳಿದಾಗೆಲ್ಲ ನನಗೆ ಪಂಪ ನೆನಪಾಗುತ್ತಾನೆ. ಹತ್ತನೆಯ ಶತಮಾನದಲ್ಲಿ ಅವನು ‘ವಿಕ್ರಮಾರ್ಜುನ ವಿಜಯ’ ಬರೆದದ್ದು ಅರಿಕೇಸರಿಗಾಗಿ. ಆ ರಾಜನನ್ನೇ ಅರ್ಜುನನೊಂದಿಗೆ ಒಂದು ಮಾಡಿ ಕಥೆ ಹೇಳಿದ. ಅಂದರೆ ಕೇಳುತ್ತ ಕೂತ ದೊರೆ ತಾನೇ ಕಥಾನಾಯಕ. ಅದಕ್ಕೆ ತಕ್ಕಂತೆ ಪಂಪ ವ್ಯಾಸರ ಮಹಾಪ್ರಸ್ಥಾನದವರೆಗೆ ಹೋಗಲಿಲ್ಲ, ಅರ್ಜುನ–ಸುಭದ್ರೆಯರ ಪಟ್ಟಾಭಿಷೇಕದಲ್ಲಿ ಕಾವ್ಯ ನಿಲ್ಲಿಸಿದ. ಪಂಪನ ಕಲೆ ಅದರಿಂದ ಕುಂದಿತೆಂದು ನಾನು ಯಾವ ತರಗತಿಯಲ್ಲೂ ಹೇಳಿಲ್ಲ, ಹೇಳುವುದೂ ಇಲ್ಲ. ಕೇಳುವವನನ್ನೇ ನಾಯಕನ ಜಾಗದಲ್ಲಿ ಕೂರಿಸಿದ ಮೇಲೆ ಕವಿಗೆ ಅವನ ಋಣ ಬೀಳುತ್ತದೆ. ಐದು ವರ್ಷ ನಮ್ಮನ್ನು ಶೆಪರ್ಡಳ ಜಾಗದಲ್ಲಿ ಕೂರಿಸಿದ ಬಯೋವೇರ್ ಮೇಲೂ ಅಂಥದೇ ಋಣವಿತ್ತು.

ಆಟಗಾರರು ಮಾಡಿದ್ದೆಲ್ಲ ಸರಿಯೇ? ಅಲ್ಲ. ಬರಹಗಾರರ ಮೇಲೆ ವೈಯಕ್ತಿಕವಾಗಿ ಹರಿಹಾಯ್ದವರನ್ನು ನಾನು ಒಪ್ಪುವುದಿಲ್ಲ. ಒಬ್ಬ ಆಟಗಾರ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ ದೂರು ಕೊಟ್ಟ, ಅದೂ ಅತಿಯಾಯಿತು. ಕಥೆಯ ನ್ಯಾಯ ಸರ್ಕಾರಿ ಕಚೇರಿಯಲ್ಲಿ ತೀರುವುದಿಲ್ಲ. ಆದರೆ ಪ್ರತಿಭಟನೆಯ ಹೆಸರಲ್ಲಿ ಇದೇ ಜನ ಆಸ್ಪತ್ರೆಯ ಮಕ್ಕಳಿಗಾಗಿ ಕೆಲಸ ಮಾಡುವ ‘ಚೈಲ್ಡ್ಸ್ ಪ್ಲೇ’ ಸಂಸ್ಥೆಗೆ 80 ಸಾವಿರ ಡಾಲರಿಗೂ ಹೆಚ್ಚು ಕೂಡಿಸಿ ಕೊಟ್ಟದ್ದನ್ನು ಹಟಮಾರಿತನ ಎಂದವರು ಮರೆತರು. ಎಡ್ಮಂಟನ್ ಕಚೇರಿಗೆ ಕೆಂಪು, ನೀಲಿ, ಹಸಿರು ಕ್ರೀಮಿನ ಸುಮಾರು 400 ಕಪ್‌ಕೇಕ್ ಕಳಿಸಿದರು. ಬಣ್ಣ ಮೂರು, ಒಳಗೆ ರುಚಿ ಒಂದೇ, ವೆನಿಲಾ. ಇದಕ್ಕಿಂತ ಚೊಕ್ಕವಾದ ವಿಮರ್ಶೆಯನ್ನು ನಾನು ಓದಿಲ್ಲ. ಸಂಸ್ಥೆಯವರು ಅವನ್ನು ಊರಿನ ಯುವಜನರ ಆಶ್ರಯಧಾಮಕ್ಕೆ ಕೊಟ್ಟರು, ಒಳ್ಳೆಯದೇ ಮಾಡಿದರು.

ಇನ್ನು ಕೆಲವರು ಕೊನೆಯನ್ನು ಉಳಿಸಿಕೊಳ್ಳಲು ಇಡೀ ಒಂದು ಸಿದ್ಧಾಂತವನ್ನೇ ಕಟ್ಟಿದರು. ಲಂಡನ್ನಿನಲ್ಲಿ ರೀಪರ್ ಕಿರಣ ತಾಗಿದ ಮೇಲೆ ನಡೆದದ್ದೆಲ್ಲ ಶೆಪರ್ಡಳ ಮನಸ್ಸಿನೊಳಗೆ, ರೀಪರ್‌ಗಳು ಅವಳ ಬುದ್ಧಿಯನ್ನು ವಶಪಡಿಸಿಕೊಳ್ಳುವ ಪ್ರಯತ್ನ ಅದು ಎಂಬುದು ಅವರ ವಾದ. ಒಳ್ಳೆಯವನಾದ ಆ್ಯಂಡರ್ಸನ್‌ನ ದಾರಿಗೆ ಕೆಂಪು ಬಣ್ಣ, ಕೆಟ್ಟವನಾದ ಇಲ್ಯೂಸಿವ್ ಮ್ಯಾನ್‌ನ ದಾರಿಗೆ ನೀಲಿ ಏಕೆ, ಆಟದುದ್ದಕ್ಕೂ ಒಳ್ಳೆಯತನಕ್ಕೆ ನೀಲಿ ಇತ್ತಲ್ಲ? ಕೆಂಪು ಆರಿಸಿದರೆ ಮಾತ್ರ, ಅದೂ ಸೇನಾಬಲದ ಅಂಕ ಸಾಕಷ್ಟಿದ್ದರೆ, ಕಲ್ಲುಮಣ್ಣಿನ ರಾಶಿಯಲ್ಲಿ ಶೆಪರ್ಡ್ ಉಸಿರೆಳೆಯುವುದು ಏಕೆ? ಈ ಓದನ್ನು ಬಯೋವೇರ್ ಎಂದೂ ಖಚಿತಪಡಿಸಲಿಲ್ಲ. ನನಗೂ ಅದು ಒಪ್ಪಿಗೆಯಿಲ್ಲ. ಆದರೆ ಒಂದೊಂದು ನೆರಳು, ಒಂದೊಂದು ಬಣ್ಣ ಹಿಡಿದು ಅರ್ಥ ಹುಡುಕಿದ ಆ ಶ್ರದ್ಧೆಗೆ ನನ್ನ ಗೌರವವಿದೆ. ನನ್ನ ವಿದ್ಯಾರ್ಥಿಗಳು ಒಂದು ಚಂಪೂ ಪದ್ಯವನ್ನು ಹಾಗೆ ಓದಿದರೆ ನಾನು ಕುಣಿದಾಡುತ್ತೇನೆ.

ಅದೇ ವರ್ಷ ಜೂನ್ 26ರಂದು ಬಯೋವೇರ್ ವಿಸ್ತರಿಸಿದ ಕೊನೆಯನ್ನು ಉಚಿತವಾಗಿ ಕೊಟ್ಟಿತು. ಗಾಯಗೊಂಡ ಗೆಳೆಯರನ್ನು ನಾರ್ಮಂಡಿ ಬಂದು ಎತ್ತಿಕೊಂಡು ಹೋಗುವ ದೃಶ್ಯ ಸೇರಿತು, ರಿಲೇಗಳು ರಿಪೇರಿಯಾಗುವಷ್ಟೇ ಹಾಳಾದವು, ಹಡಗಿನ ಸ್ಮರಣಫಲಕದ ಮುಂದೆ ಶೆಪರ್ಡಳ ಹೆಸರಿನ ಪಟ್ಟಿ ಹಿಡಿದು ನಿಂತ ಸಂಗಾತಿ ಬಂದರು. ನಾಲ್ಕನೆಯ ದಾರಿಯೂ ತೆರೆಯಿತು: ಮೂರನ್ನೂ ನಿರಾಕರಿಸಬಹುದು. ನಿರಾಕರಿಸಿದರೆ ಎಲ್ಲರೂ ಸಾಯುತ್ತಾರೆ. ಶೆಪರ್ಡಳ ಸಂಗಾತಿಗಳಲ್ಲೊಬ್ಬಳಾದ ಲಿಯಾರಾ ಹೂತಿಟ್ಟ ದಾಖಲೆ ಮಾತ್ರ ಮುಂದಿನ ಯುಗದವರ ಕೈಸೇರುತ್ತದೆ. ಈ ನಾಲ್ಕನೆಯದು ಕ್ರೂರ, ಆದರೆ ಪ್ರಾಮಾಣಿಕ. ನನಗೆ ಅದು ಇಷ್ಟ. ಆದರೂ ರಾನಾಕ್ ವಿಷಯ ಎತ್ತಿ ವಾದಿಸುವ ಒಂದು ಸಾಲು ಆ ವಿಸ್ತರಣೆಯಲ್ಲೂ ಬರಲಿಲ್ಲ. ಗೋಡೆಗೆಲ್ಲ ಸುಣ್ಣ ಬಳಿದರು, ಬಿರುಕು ಅಲ್ಲೇ ಉಳಿಯಿತು.

ಮೂರೂ ಆಟಗಳನ್ನು ಒಟ್ಟಿಗೆ ಕಟ್ಟಿ 2021ರಲ್ಲಿ ‘ಲೆಜೆಂಡರಿ ಎಡಿಷನ್’ ಬಂತು. ಅದರಲ್ಲಿ ಈ ವಿಸ್ತರಿಸಿದ ಕೊನೆ ಮೊದಲೇ ಸೇರಿದೆ. ಆ ಆವೃತ್ತಿಯನ್ನೇ ಆಡಿದ ನಮ್ಮ ಬಿ.ಎಸ್ಸಿ. ಹುಡುಗನೊಬ್ಬ ಸ್ಟಾಫ್ ರೂಮಿಗೆ ಬಂದು, ‘ಮೇಡಂ, ಎಂಡಿಂಗ್ ಚಲೋನ ಐತಲ್ರಿ, ಯಾಕ ಅಷ್ಟು ಗದ್ದಲ ಮಾಡಿದ್ರಿ?’ ಎಂದು ಕೇಳಿದ. ಅವನು ಆರಿಸಿದ್ದು ಕೆಂಪು. ‘ಗೆತ್ ಸತ್ತವಲ್ಲೋ?’ ಎಂದೆ. ‘ಶೆಪರ್ಡ್ ಉಳದಾನ್ರಿ’ ಎಂದ. ನಾನು ಆರಿಸಿದ್ದು ನೀಲಿ, ಬೇಸರದಿಂದಲೇ. ಲೀಜನ್ ಜೀವ ಕೊಟ್ಟು ಉಳಿಸಿದವರನ್ನು ನನ್ನ ಕೈಯಾರೆ ಕೊಲ್ಲಲಾಗಲಿಲ್ಲ. ಅದಕ್ಕೆ ಅವನು, ‘ರೀಪರ್ ಹಂಗ ಉಳಿಸೀರಿ, ನಾಳೆ ಮತ್ತ ತಿರುಗಿ ಬಂದ್ರ?’ ಎಂದು ಗಟ್ಟಿಯಾಗಿಯೇ ಹಿಡಿದ. ಮುಂದಿನ ತಾಸಿನ ಗಂಟೆ ಹೊಡೆಯುವವರೆಗೂ ಇಬ್ಬರೂ ಬಿಟ್ಟುಕೊಡಲಿಲ್ಲ. ಅವನ ಮಾತಿನಲ್ಲಿ ಹುರುಳಿದೆ, ನನ್ನದರಲ್ಲೂ ಇದೆ. ಸಾಕಷ್ಟು ತಯಾರಿಯಿದ್ದ ಕೊನೆ ಹೀಗೇ ಇರಬೇಕಿತ್ತು: ಎರಡು ಕಡೆಯೂ ವಾದ, ಎರಡಕ್ಕೂ ಬೆಲೆ. 2012ರ ಮಾರ್ಚ್‌ನಲ್ಲಿ ನಮಗೆ ವಾದಿಸಲು ಕೊಟ್ಟದ್ದು ಬರೀ ಬಣ್ಣ.

ಈಗ ಈ ಜಗಳ ಮತ್ತೆ ಎದ್ದಿರುವುದಕ್ಕೆ ಕಾರಣವಿದೆ. ಮುಂದಿನ ‘ಮಾಸ್ ಎಫೆಕ್ಟ್’ ತಯಾರಾಗುತ್ತಿದೆ. 2020ರ ಡಿಸೆಂಬರ್‌ನಲ್ಲಿ ಬಂದ ತುಣುಕಿನಲ್ಲಿ ವಯಸ್ಸಾದ ಲಿಯಾರಾ ಹಿಮದಲ್ಲಿ, ಶೆಪರ್ಡ್ ಧರಿಸುತ್ತಿದ್ದಂಥ ಎನ್7 ಗುರುತಿನ ರಕ್ಷಾಕವಚದ ಚೂರೊಂದನ್ನು ಎತ್ತಿಕೊಳ್ಳುತ್ತಾಳೆ. 2021ರ ನವೆಂಬರ್‌ನ ಪೋಸ್ಟರ್‌ನಲ್ಲಿದ್ದ ನೆಲದ ಗುಂಡಿ ಗೆತ್ ತಲೆಯ ಆಕಾರದಲ್ಲಿತ್ತು. ನನ್ನ ವಿದ್ಯಾರ್ಥಿಗೆ ಕವಚದ ಚೂರಿನ ಮೇಲೆ ಕಣ್ಣು; ಶೆಪರ್ಡ್ ಬದುಕಿದ್ದಾನೆ, ಕೆಂಪೇ ನಿಜವಾಯಿತು ಎನ್ನುತ್ತಾನೆ. ನನ್ನ ಕಣ್ಣು ಆ ಗುಂಡಿಯ ಮೇಲೆ. ಬರೆಯುತ್ತಿರುವವರು ಯಾವ ಬಣ್ಣವನ್ನಾದರೂ ನಿಜವೆಂದು ಸಾರಲಿ, ನಾನು ಒಪ್ಪುತ್ತೇನೆ. ಗೆತ್‌ಗಳು ಉಳಿದಿದ್ದರೆ ಅವರಿಗೊಂದು ಊರು ಕೊಡಿ, ಅಳಿದಿದ್ದರೆ ಅವರ ಹೆಸರು ಹೇಳಿ ದುಃಖಿಸುವ ಒಬ್ಬ ಕ್ವೇರಿಯನ್‌ಳನ್ನಾದರೂ ಕೊಡಿ. ಅವಳು ಯಾರ ಎದುರಿಗೆ ಬಂದು ನಿಂತರೂ, ಈ ಸಲ ಮಾತಿನ ಚಕ್ರದಲ್ಲಿ ರಾನಾಕ್ ಎಂಬ ಆಯ್ಕೆ ಇರಬೇಕು.