ಕೂಸಿನ ಹಳೆಯ ಗಾಡಿ

ಕೂಸು ಹುಟ್ಟುವ ಮುಂಚೆಯೇ ಅದರ ಕೋಣೆಯನ್ನು ಸಿಂಗರಿಸಿಡುವ ಪದ್ಧತಿ ಈಗ ನಮ್ಮ ಕಾಳಗಿಯಂತಹ ಊರಿಗೂ ಬಂದಿದೆ. ಹಿಂದೆ ಬಾಣಂತಿಯ ಕೋಣೆಯೆಂದರೆ ಒಂದು ಹೊರಸು, ಒಂದು ಅಗ್ಗಿಷ್ಟಿಕೆ, ತೊಲೆಗೆ ಕಟ್ಟಿದ ಸೀರೆಯ ಜೋಲಿ, ಅಷ್ಟಕ್ಕೆ ಮುಗಿಯುತ್ತಿತ್ತು. ಈಗ ಗೋಡೆಗೆ ಹೊಸ ಬಣ್ಣ, ಕಿಟಕಿಗೆ ಪರದೆ, ಮೂಲೆಯಲ್ಲಿ ಬಂದವರೆಲ್ಲ ಮೆಚ್ಚಿ ನೋಡುವಂತಹ ಒಂದು ಹಳೆಯ ಸಾಮಾನು. ಇದನ್ನು ನಾವು ಹಳಿಯುವುದಿಲ್ಲ. ಬರಲಿರುವ ಜೀವಕ್ಕೆ ಆದರದಿಂದ ಎಡೆಮಾಡಿಕೊಡುವುದು ಗೃಹಸ್ಥನ ಧರ್ಮವೇ ಸರಿ. ಆದರೆ ಆ ಹಳೆಯ ಸಾಮಾನಿನ ವಿಷಯವಾಗಿ ಮಾತ್ರ ವಾಚಕರೊಡನೆ ನಾಲ್ಕು ಮಾತು ಆಡಬೇಕಾಗಿದೆ.

ಕಳೆದ ಚೈತ್ರದಲ್ಲಿ ನಮ್ಮ ಪರಿಚಿತರಾದ ಬಟ್ಟೆಯ ವ್ಯಾಪಾರಸ್ಥರೊಬ್ಬರು ನಮ್ಮನ್ನು ಮನೆಗೆ ಕರೆಸಿಕೊಂಡರು. ಅವರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಹೈದರಾಬಾದಿನ ಹಳೆಯ ಸಾಮಾನಿನ ಅಂಗಡಿಯೊಂದರಿಂದ ಅವರು ವಿಲಾಯತಿ ಮಾದರಿಯ ಕೂಸಿನ ತಳ್ಳುಗಾಡಿಯನ್ನು ತಂದಿದ್ದರು. ನಾಲ್ಕು ದೊಡ್ಡ ಗಾಲಿಗಳು, ದೋಣಿಯಂತಹ ಒಡಲು, ಮೇಲೆ ಕೊಡೆಯಂತೆ ಮಡಿಸಬಹುದಾದ ಮುಸುಕು. ನೋಡಲು ನಿಜವಾಗಿಯೂ ಚೆಲುವಾಗಿತ್ತು.

"ಹ್ಯಾಂಗದ ನೋಡ್ರಿ, ಮಾಸ್ತರ್ರೇ. ಕೂಸಿನ ಕೋಣ್ಯಾಗ ಇಡಬೇಕಂತೀನಿ. ಹೆಸರಿಡೋ ದಿವಸ ಕೂಸಿಗೆ ಇದರಾಗೇ ಮಲಗಿಸಿ ಫೋಟೋ ತಗಸೋದು" ಎಂದರು.

ನಾವು ಒಡಲಿನ ಮೇಲೆ ಅಂಗೈ ಊರಿ ಸ್ವಲ್ಪ ಒತ್ತಿ ನೋಡಿದೆವು. ಒಂದು ಬದಿಯ ಸ್ಪ್ರಿಂಗು ಕುಸಿದು ಗಾಡಿ ವಾಲಿತು. ತಡೆಯ ಹಿಡಿಕೆ ಬಿದ್ದಿದ್ದರೂ ಗಾಲಿ ತಿರುಗುತ್ತಲೇ ಇತ್ತು. ಅಂಚಿನ ಬಣ್ಣ ಚಕ್ಕೆಚಕ್ಕೆಯಾಗಿ ಬೆರಳಿಗೆ ಅಂಟಿತು. ಅವರ ಹರ್ಷವನ್ನು ಆ ಕ್ಷಣವೇ ಮುರಿಯಲು ಮನಸ್ಸು ಬಾರದೆ, ನಾಳೆ ಹೇಳುವೆವೆಂದು ಎದ್ದು ಬಂದೆವು. ಹೀಗೆ ಹಿಂಜರಿದುದಕ್ಕೆ ಮತ್ತೊಂದು ಕಾರಣವೂ ಉಂಟು. ನಮ್ಮ ಮನೆಯ ಅಟ್ಟದ ಮೇಲೂ ಒಂದು ಗಾಡಿ ಐವತ್ತು ವರ್ಷಕ್ಕೆ ಮೇಲ್ಪಟ್ಟು ಕುಳಿತಿತ್ತು.

ಅದು ತಳ್ಳುಗಾಡಿಯಲ್ಲ, ನಡೆಯಲು ಕಲಿಯುವ ಕೂಸು ಹಿಡಿದುಕೊಂಡು ನೂಕುವ ಮೂರು ಗಾಲಿಯ ಮರದ ಗಾಡಿ. ನಮ್ಮ ಕಡೆಯ ಬಡಿಗರು ಇದನ್ನು ಮಾಡಿಕೊಡುತ್ತಿದ್ದರು. ವಾಚಕರಲ್ಲಿ ಬಹುಮಂದಿ ಇದನ್ನು ಹಿಡಿದೇ ಮೊದಲ ಹೆಜ್ಜೆ ಇಟ್ಟಿರಬಹುದು. ನಮ್ಮ ಗಾಡಿಗೆ ಬಣ್ಣವಿರಲಿಲ್ಲ. ವರ್ಷಕ್ಕೊಮ್ಮೆ ಅವ್ವ ಎಣ್ಣೆ ಸವರುತ್ತಿದ್ದಳು. 1972ರ ಬರಗಾಲ. ಆಗ ಕಾಳಗಿಯು ಚಿತ್ತಾಪುರ ತಾಲ್ಲೂಕಿಗೆ ಸೇರಿತ್ತು. ನಾವಿದ್ದುದು ಅದರ ಸಮೀಪದ ಹಳ್ಳಿಯಲ್ಲಿ. ಮನೆಯ ಬಾವಿ ಬತ್ತಿ, ಅವ್ವ ದೂರದಿಂದ ನೀರು ಹೊರುತ್ತಿದ್ದಳು. ತಮ್ಮನಿಗೆ ವರ್ಷ ತುಂಬಿತ್ತು, ನಮಗೆ ಏಳು. "ಕೂಸಿನ ಮ್ಯಾಲ ನದರಿಡು" ಎಂದು ಹೇಳಿ ಅವ್ವ ಕೊಡ ಹಿಡಿದು ಹೊರಟಳು. ನಾವು ಓಣಿಯಲ್ಲಿ ಗೋಲಿಯಾಟ ನೋಡುತ್ತ ನಿಂತೆವು. ಶಹಾಬಾದಿ ಕಲ್ಲಿನ ನುಣುಪಾದ ನೆಲದ ಮೇಲೆ ಗಾಡಿ ಕೂಸಿನ ಹೆಜ್ಜೆಗಿಂತ ಮುಂದಾಗಿ ಓಡಿ, ಕೂಸು ಗಾಡಿಯೊಂದಿಗೆ ಕಟ್ಟೆಯಿಂದ ಅಂಗಳಕ್ಕೆ ಉರುಳಿತು. ಹುಬ್ಬಿನ ಮೇಲಿನ ಆ ಕಲೆ ತಮ್ಮನ ಮುಖದಲ್ಲಿ ಇಂದಿಗೂ ಇದೆ.

ಅವ್ವ ನಮ್ಮನ್ನು ಹೊಡೆಯಲಿಲ್ಲ. "ಗಾಡಿಗೆ ಕಣ್ಣಿಲ್ಲಪ್ಪ" ಎಂದಷ್ಟೇ ಹೇಳಿ ಅದನ್ನು ಅಟ್ಟಕ್ಕೆ ಏರಿಸಿದಳು. ಆಮೇಲೆ ಆ ಗಾಡಿಯನ್ನು ಕೆಳಗಿಳಿಸುವ ಧೈರ್ಯ ನಮಗೆ ಬಂದಿರಲಿಲ್ಲ.

ವಿಲಾಯತಿ ತಳ್ಳುಗಾಡಿಯ ಪೂರ್ವವೃತ್ತಾಂತವೂ ಸ್ವಾರಸ್ಯವಾದುದೇ. 1733ರಲ್ಲಿ ಇಂಗ್ಲಂಡಿನ ವಿಲಿಯಂ ಕೆಂಟ್ ಎಂಬ ಶಿಲ್ಪಿಯು ಡೆವನ್‌ಶೈರಿನ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನ ಆಕಾರದ ಗಾಡಿಯೊಂದನ್ನು ರಚಿಸಿದನು. ಅದನ್ನು ಎಳೆಯಲು ಸಣ್ಣ ಪ್ರಾಣಿಯನ್ನು ಕಟ್ಟುತ್ತಿದ್ದರು. 1889ರಲ್ಲಿ ಅಮೆರಿಕದ ವಿಲಿಯಂ ರಿಚರ್ಡ್‌ಸನ್ ಎಂಬಾತನು ಕೂಸಿನ ಮುಖ ತಾಯಿಯ ಕಡೆಗೆ ತಿರುಗುವಂತೆ ಒಡಲನ್ನು ತಿರುಗಿಸಬಹುದಾದ ಗಾಡಿಗೆ ಹಕ್ಕುಪತ್ರ ಪಡೆದನು. 1965ರಲ್ಲಿ ಓವೆನ್ ಮ್ಯಾಕ್ಲಾರೆನ್ ಎಂಬ ವಿಮಾನಶಾಸ್ತ್ರಜ್ಞನು ಕೊಡೆಯಂತೆ ಮಡಿಸುವ ಹಗುರವಾದ ಗಾಡಿಯನ್ನು ಯೋಜಿಸಿದ ಮೇಲೆ ಹಳೆಯ ಭಾರದ ಗಾಡಿಗಳು ಕ್ರಮೇಣ ಮೂಲೆಗುಂಪಾದವು. ಅವುಗಳೇ ಈಗ ಅಲಂಕಾರದ ವಸ್ತುಗಳಾಗಿ ತಿರುಗಿ ಬರುತ್ತಿವೆ. ನಮ್ಮ ಹಳ್ಳಿಗಳಿಗೆ ಅವು ಹಿಂದೆಂದೂ ಬೇಕಾಗಿರಲಿಲ್ಲ. ಕಲ್ಲುಮಣ್ಣಿನ ಓಣಿಯಲ್ಲಿ ಗಾಲಿಗಿಂತ ತಾಯಿಯ ಸೊಂಟವೇ ಮೇಲಾದ ವಾಹನ.

ಮಕ್ಕಳ ಗಾಡಿಯೆಂದೊಡನೆ ಸಂಸ್ಕೃತ ಓದಿದವರಿಗೆ ಶೂದ್ರಕನ ಮೃಚ್ಛಕಟಿಕವು ನೆನಪಾಗದಿರದು. ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡು, ತನಗೆ ಮಣ್ಣಿನ ಬಂಡಿ ಬೇಡವೆಂದು ಚಾರುದತ್ತನ ಮಗ ರೋಹಸೇನನು ಅಳುವನು. ವಸಂತಸೇನೆಯು ಕರಗಿ, ತನ್ನ ಒಡವೆಗಳನ್ನೆಲ್ಲ ಆ ಮಣ್ಣಿನ ಬಂಡಿಯಲ್ಲಿ ತುಂಬುವಳು. ಅಕ್ಕರೆಯಿಂದ ತುಂಬಿದ ಆ ಒಡವೆಗಳೇ ಮುಂದೆ ನ್ಯಾಯಸಭೆಯಲ್ಲಿ ಉದುರಿ, ಚಾರುದತ್ತನಿಗೆ ಪ್ರತಿಕೂಲ ಸಾಕ್ಷಿಯಾಗುವುವು. ಮಕ್ಕಳ ಬಂಡಿಯಲ್ಲಿ ದೊಡ್ಡವರು ಏನನ್ನು ತುಂಬುತ್ತೇವೆಂಬುದನ್ನು ಯೋಚಿಸಬೇಕು. ನಾವು ಹಲವು ವೇಳೆ ತುಂಬುವುದು ನಮ್ಮ ಹಂಬಲವನ್ನು. ಅದರ ಭಾರ ಬೀಳುವುದು ಕೂಸಿನ ಮೇಲೆ.

ಮರುದಿನ ಆ ವ್ಯಾಪಾರಸ್ಥರಿಗೆ ನಾವು ಹೇಳಿದ ಮಾತುಗಳನ್ನೇ ಇಲ್ಲಿ ಬರೆಯುತ್ತೇವೆ. ಮೊದಲನೆಯದು: ಅಲಂಕಾರಕ್ಕೆಂದು ತಂದ ಹಳೆಯ ಗಾಡಿಯಲ್ಲಿ ಕೂಸನ್ನು ಮಲಗಿಸಕೂಡದು, ಚಿತ್ರ ತೆಗೆಯುವಷ್ಟು ಹೊತ್ತು ಸಹ. ತುಕ್ಕು ಹಿಡಿದ ಕೀಲು ಮುಹೂರ್ತ ನೋಡಿ ಮುರಿಯುವುದಿಲ್ಲ.

ಎರಡನೆಯದು ಬಣ್ಣದ ವಿಷಯ. ಹಳೆಯ ಬಣ್ಣಗಳಲ್ಲಿ ಸೀಸ ಬೆರೆತಿರುವುದುಂಟು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂದು ಭಾರತ ಸರ್ಕಾರವು 2016ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣವನ್ನು ಸಂಶಯದಿಂದಲೇ ನೋಡತಕ್ಕದ್ದು. ಅಂಬೆಗಾಲಿಡುವ ಕೂಸಿಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಸೀಸವು ಅಲ್ಪ ಪ್ರಮಾಣದಲ್ಲಿ ಸೇರಿದರೂ ಎಳೆಯ ಮಿದುಳಿಗೆ ಕೇಡು. ಇಷ್ಟರವರೆಗೆ ಅಪಾಯವಿಲ್ಲವೆಂಬ ಮಿತಿಯೇ ಅದಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಬಣ್ಣವನ್ನು ಮರಳುಕಾಗದದಿಂದ ಮನೆಯಲ್ಲೇ ಉಜ್ಜಿ ತೆಗೆದರಾಯಿತೆಂದು ಕೆಲವರು ಭಾವಿಸುವರು. ಅದರಿಂದ ಧೂಳೆದ್ದು ಅಪಾಯ ಹೆಚ್ಚುವುದು, ಗರ್ಭಿಣಿ ಇರುವ ಮನೆಯಲ್ಲಂತೂ ಹೇಳತಕ್ಕದ್ದೇ ಇಲ್ಲ. ಚಕ್ಕೆಯೇಳುವ ಬಣ್ಣದ ವಸ್ತುವು ಕೂಸಿನ ಕೋಣೆಯ ಹೊರಗಿರುವುದೇ ಲೇಸು.

ಮೂರನೆಯದು: ಕೋಣೆಯಲ್ಲಿಡುವ ಗಾಡಿಯು ಗಾಡಿಯಾಗಿ ಉಳಿಯಕೂಡದು. ಗಾಲಿಗಳು ತಿರುಗದಂತೆ ಬೆಣೆ ಬಡಿಸಬೇಕು. ಕೂಸು ಹಿಡಿದು ಏಳಲು ಯತ್ನಿಸಿದಾಗ ಮಗುಚದಂತೆ ಗೋಡೆಗೆ ಬಿಗಿಯಬೇಕು. ಬೆರಳು ಸಿಕ್ಕುವ ಮಡಿಕೆಗಳನ್ನು ಕಟ್ಟಿಡಬೇಕು. ಹುಳು ತಿಂದ ಮರವನ್ನು, ಹಳೆಯ ಹಾಸುಬಟ್ಟೆಯನ್ನು ತೆಗೆಸಬೇಕು. ತುಂಬುವ ಸಾಮಾನು ಹಗುರವಾಗಿದ್ದು, ತಳದಲ್ಲಿಯೇ ಇರಬೇಕು.

ಹಳೆಯ ತೊಟ್ಟಿಲಿಗೂ ಇದೇ ಮಾತು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು ನಾಡಿಗೆಲ್ಲ ಪ್ರಸಿದ್ಧವಾದುವು. ಅಜ್ಜಿಯ ಕಾಲದ ಅಂಥದೊಂದು ಮನೆಯಲ್ಲಿದ್ದು, ಅದರ ಬಣ್ಣ ಗಟ್ಟಿಯಾಗಿದ್ದರೂ, ಕೂಸಿನ ಕೈಗೆಟುಕದಂತೆ ಎತ್ತರದಲ್ಲಿರಿಸಿ ಅದರಲ್ಲಿ ಕೌದಿಗಳನ್ನು ಮಡಚಿಡಬಹುದು. ಬರಿದಾದ ತೊಟ್ಟಿಲನ್ನು ತೂಗಬಾರದೆಂಬ ಹಿರಿಯರ ಮಾತಿಗೂ ಆಗ ಭಂಗವಿಲ್ಲ.

ಎಲ್ಲವನ್ನೂ ಕೇಳಿ ವ್ಯಾಪಾರಸ್ಥರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರ ಕೂಸಿನ ಕೋಣ್ಯಾಗ ಏನಿಡ್ಲಿ, ಮಾಸ್ತರ್ರೇ?" ಎಂದು ಕೇಳಿದರು. ಆ ಧ್ವನಿಯಲ್ಲಿ ಮುನಿಸಿಗಿಂತ ನಿರಾಶೆಯೇ ಹೆಚ್ಚಾಗಿತ್ತು. ಬರಲಿರುವ ಮೊಮ್ಮಗುವಿಗಾಗಿ ಅಷ್ಟು ದೂರದಿಂದ ಹೊತ್ತು ತಂದವರು ಅವರು. ಬೇಡವೆಂದು ಹೇಳಿದ ಮಾತ್ರಕ್ಕೆ ನಮ್ಮ ಕರ್ತವ್ಯ ತೀರಲಿಲ್ಲವೆಂದು ನಮಗೆ ತೋರಿತು.

ಮನೆಗೆ ಬಂದು ತಮ್ಮನಿಗೆ ಫೋನು ಮಾಡಿದೆವು. ಅಟ್ಟದ ಮೇಲಿನ ಗಾಡಿಯನ್ನು ಒಂದು ಕೂಸಿನ ಕೋಣೆಗೆ ಕೊಡಬಹುದೇ ಎಂದು ಕೇಳುವಾಗ ನಮ್ಮ ಧ್ವನಿ ಕೊಂಚ ತಡವರಿಸಿತು. ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಆ ದಿನದ ಮಾತನ್ನು ನಾವಿಬ್ಬರೂ ಎತ್ತಿರಲಿಲ್ಲ. ಅವನು ನಕ್ಕುಬಿಟ್ಟನು. "ಕೊಡಣ್ಣ. ಅಟ್ಟದ ಮ್ಯಾಲ ಇದ್ದು ಯಾರಿಗೇನು ಉಪಯೋಗ? ಆದ್ರ ಗಾಲಿ ಬಿಗಿಸೋದು ಮರೀಬ್ಯಾಡ" ಎಂದನು.

ಮರೆಯಲಿಲ್ಲ. ಬಡಿಗರು ಮೂರು ಗಾಲಿಗೂ ಬೆಣೆ ಬಡಿದು, ಚೌಕಟ್ಟಿನ ನಡುವೆ ಎರಡು ಹಲಗೆ ಕೂಡಿಸಿ ಅದನ್ನು ಗೋಡೆಗೆ ಬಿಗಿದರು. ಬಣ್ಣ ಬಳಿಯಗೊಡಲಿಲ್ಲ. ಪುಟ್ಟ ಕೈಗಳು ಹಿಡಿದು ಸವೆಸಿದ ಹಿಡಿಕೆಯನ್ನು ಇದ್ದಂತೆಯೇ ಬಿಟ್ಟೆವು. ಕೆಳಗಿನ ಹಲಗೆಯ ಮೇಲೆ ಕೌದಿ, ಮೇಲಿನದರಲ್ಲಿ ಕೂಸಿನ ಅಂಗಿಗಳು; ಓದುವ ವಯಸ್ಸಿಗೆ ಪುಸ್ತಕಗಳು ಬಂದಾವು. ವಿಲಾಯತಿ ಗಾಡಿಯು ಈಗ ಅವರ ಬಟ್ಟೆಯಂಗಡಿಯಲ್ಲಿ ಎತ್ತರದ ಕಟ್ಟೆಯ ಮೇಲೆ, ಮಕ್ಕಳ ಉಡುಪುಗಳನ್ನು ತುಂಬಿಕೊಂಡು ಗಿರಾಕಿಗಳನ್ನು ಕರೆಯುತ್ತಿದೆ. ಹೆಸರಿಡುವ ದಿನ ಕೂಸಿನ ಚಿತ್ರವನ್ನು ಅಜ್ಜಿಯ ಮಡಿಲಲ್ಲಿ ತೆಗೆಸಿದರು.

ಅಟ್ಟದ ಮೇಲೆ ಇಂಥ ಗಾಡಿಯುಳ್ಳ ಗೃಹಸ್ಥರು ಅದನ್ನು ಕೆಳಗಿಳಿಸಲಿ. ಒಲೆಗೆ ಹಾಕುವುದು ಬೇಡ, ಗುಜರಿಗೆ ತೂಗಿ ಮಾರುವುದೂ ಬೇಡ. ಇಂದಿನ ಕೂಸಿಗೆ ಕೇಡಾಗದ ಒಂದು ಉದ್ಯೋಗವನ್ನು ಅದಕ್ಕೆ ಕೊಡಲಿ. ಅದು ಸಾಮಾನನ್ನು ಹೊರಲಿ. ಕೂಸನ್ನು ಹೊರುವ ಕೆಲಸ ನಮ್ಮ ತೋಳುಗಳಿಗಿರಲಿ. ಗಾಡಿಗೆ ಕಣ್ಣಿಲ್ಲ, ನೋಡಬೇಕಾದವರು ನಾವೇ.